ಪಣವೂ ಮೂಲಧನವೂ

ಅನಿಶ್ಚಿತವಾದ ಫಲವನ್ನು ನಂಬಿ ಹಣ ತೊಡಗಿಸುವವರೆಲ್ಲರೂ ಜೂಜುಗಾರರೆ? ಹೌದೆಂದರೆ, ಮಳೆಯನ್ನು ನಂಬಿ ಬಿತ್ತುವ ಒಕ್ಕಲಿಗನೂ ಹಡಗಿಗೆ ಸರಕು ತುಂಬುವ ವರ್ತಕನೂ ಅದೇ ಪಂಕ್ತಿಗೆ ಸೇರಬೇಕಾಗುವುದು. ಅಲ್ಲವೆಂದರೆ, ಪಣಕ್ಕೂ ಮೂಲಧನಕ್ಕೂ ನಡುವಣ ಗೆರೆ ಎಲ್ಲಿದೆಯೆಂಬುದನ್ನು ತೋರಿಸಬೇಕಾಗುವುದು. ಈ ವಿಚಾರಕ್ಕೆ ಮನೆಮಂದಿ ಕುಳಿತು ಆಡುವ ಆಟವೊಂದು ಒಳ್ಳೆಯ ನಿದರ್ಶನವಾಗಿದೆ.

ಇಂಗ್ಲೆಂಡಿನ ಲೀಡ್ಸ್ ನಗರದ ವಾಡಿಂಗ್‌ಟನ್ ಸಂಸ್ಥೆಯವರು 1938ರಲ್ಲಿ ‘ಟೋಟೊಪೊಲಿ’ ಎಂಬ ಆಟವನ್ನು ಹೊರತಂದರು. ಅದರ ಹಲಗೆಗೆ ಎರಡು ಮುಖಗಳು. ಮೊದಲನೆಯ ಮುಖದಲ್ಲಿ ಆಟಗಾರರು ಹನ್ನೆರಡು ಕುದುರೆಗಳಿಗೆ ಒಡೆಯರಾಗಿ ಅವುಗಳನ್ನು ಪಳಗಿಸುವರು. ಪಳಗಿಕೆ ಮುಗಿದೊಡನೆ ಹಲಗೆಯನ್ನು ಮಗುಚಿದರೆ, ಓಟದ ಬಯಲು ಕಾಣುವುದು. ಅಲ್ಲಿ ಪಣವೊಡ್ಡಿ, ದಾಳ ಹಾಕಿ, ಕುದುರೆಗಳನ್ನು ನಡೆಸುವರು. ಪಳಗಿಸುವಾಗ ದೊರೆತ ಅನುಕೂಲ ಪ್ರತಿಕೂಲಗಳ ಚೀಟಿಗಳು ಓಟದಲ್ಲಿ ಫಲ ಕೊಡುವುವು. ಹೀಗೆ ಒಂದು ಮುಖದಲ್ಲಿ ಪುರುಷಪ್ರಯತ್ನ, ಇನ್ನೊಂದರಲ್ಲಿ ದೈವ. ಒಬ್ಬನೇ ಮನುಷ್ಯನು ಒಡೆಯನೂ ಅಹುದು, ಪಣಗಾರನೂ ಅಹುದು.

ಇಲ್ಲಿ ಪೂರ್ವಪಕ್ಷವೊಂದುಂಟು. ಜಾಣ್ಮೆಯಿದ್ದಲ್ಲಿ ಜೂಜಿಲ್ಲವೆಂಬುದು ಆ ವಾದ. ಕುದುರೆಯ ವಂಶ, ಅಭ್ಯಾಸ, ಸವಾರನ ಕೌಶಲ ಇವುಗಳನ್ನು ಬಲ್ಲವನು ಗೆಲುವನ್ನು ಊಹಿಸಬಲ್ಲನು. ಆದುದರಿಂದ ಕುದುರೆಯೋಟವು ಮುಖ್ಯವಾಗಿ ಕೌಶಲದ್ದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ನಿರ್ಣಯಿಸಿತು. ದಂಡನೆಯ ಕಾನೂನಿಗೆ ಈ ನಿರ್ಣಯವು ಸಾಕು, ಧರ್ಮವಿಚಾರಕ್ಕೆ ಸಾಲದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ, ಪ್ರಾಣಿಗಳನ್ನು ಮುಂದಿಟ್ಟು ಪಣವೊಡ್ಡುವುದನ್ನು ಸಮಾಹ್ವಯವೆಂದೂ ವಿಂಗಡಿಸಿದರೂ ಎರಡನ್ನೂ ನಿಷೇಧಿಸಿತು. ಶಕುನಿಗೆ ಜಾಣ್ಮೆಯೇನು ಕಡಮೆಯಾಗಿತ್ತೆ? ಜಾಣ್ಮೆಯು ಗೆಲ್ಲುವವನಾರೆಂಬುದನ್ನು ತಿಳಿಸೀತು; ಗೆದ್ದ ಹಣವು ಎಲ್ಲಿಂದ ಬಂತೆಂಬುದನ್ನು ತಿಳಿಸದು.

ಗೆರೆಯನ್ನು ಎಳೆಯಬೇಕಾದ ಸ್ಥಳ ಅದೇ. ಆಟದ ಹೆಸರಿನಲ್ಲಿ ಅಡಗಿರುವ ‘ಟೋಟ್’ ಎಂಬ ಪಣದ ಕ್ರಮವನ್ನು ನೋಡಿರಿ. ಬ್ರಿಟನ್ನಿನಲ್ಲಿ ಅದಕ್ಕೆ 1928ರ ಶಾಸನವು ಅವಕಾಶ ಕೊಟ್ಟಿತು. ಎಲ್ಲರೂ ಒಡ್ಡಿದ ಹಣವನ್ನು ಒಂದುಗೂಡಿಸಿ, ನಡೆಸುವವರ ಪಾಲನ್ನು ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುವುದೇ ಅದರ ವಿಧಾನ. ಅಲ್ಲಿ ಗೆದ್ದವನ ಕೈಯಲ್ಲಿರುವ ಒಂದೊಂದು ಕಾಸೂ ಸೋತವನ ಜೇಬಿನಿಂದಲೇ ಬಂದುದು. ಹೊಲದಲ್ಲಿ ಹಾಗಲ್ಲ: ಒಂದು ಸೇರು ಬಿತ್ತಿದವನು ಹತ್ತು ಸೇರು ಬೆಳೆದರೆ, ನೆರೆಯವನ ಕಣಜವು ಬರಿದಾಗುವುದಿಲ್ಲ. ಅಪಾಯವು ಎರಡು ಕಡೆಯೂ ಉಂಟು. ಲೋಕಕ್ಕೆ ಹೊಸದಾಗಿ ಒಂದು ಹಿಡಿ ಕಾಳು ಸೇರುವುದು ಒಂದು ಕಡೆ ಮಾತ್ರ. ಋಗ್ವೇದದ ಅಕ್ಷಸೂಕ್ತವು ಜೂಜುಗಾರನನ್ನು ಕೃಷಿಯ ಕಡೆಗೆ ಕಳುಹಿಸುವುದರ ಮರ್ಮವೂ ಇದೇ ಆಗಿರಬೇಕು. ಉದ್ಯಮವನ್ನು ಬೆಳೆಸುವುದಕ್ಕಾಗಿ ಪಾಲುಪತ್ರ ಕೊಂಡವನು ಹೊಲದವನ ಬಂಧು. ಉದ್ಯಮವೇನೆಂಬುದನ್ನೇ ಅರಿಯದೆ ನಾಳೆಯ ಬೆಲೆಯನ್ನು ಮಾತ್ರ ನಂಬಿ ಕೊಂಡವನು, ಹೆಸರು ಏನೇ ಇರಲಿ, ಓಟದ ಬಯಲಿನವನೇ.

ಇನ್ನೊಂದು ಪರೀಕ್ಷೆಯೂ ಉಂಟು: ಒಡ್ಡಿದ ವಸ್ತು ಯಾರದು? ಯುಧಿಷ್ಠಿರನು ಐಶ್ವರ್ಯವನ್ನು ಸೋತುದಕ್ಕಾಗಿ ಸಭೆಯು ಬೆಚ್ಚಲಿಲ್ಲ. ದ್ರೌಪದಿಯನ್ನು ಒಡ್ಡಿದಾಗ ಬೆಚ್ಚಿತು. ಆಕೆ ಕೇಳಿದ ಪ್ರಶ್ನೆಯೂ ಅಧಿಕಾರವನ್ನು ಕುರಿತದ್ದೇ. ಮಗಳ ವಿದ್ಯೆಗೆಂದು, ತಾಯಿಯ ಔಷಧಕ್ಕೆಂದು ಇಟ್ಟ ಹಣವನ್ನು ಮನೆಯ ಯಜಮಾನನು ಪಣವಾಗಿ ಒಡ್ಡಿದರೆ, ಅವನು ಗೆದ್ದುಬಂದರೂ ನಿರ್ದೋಷಿಯಲ್ಲ. ತನ್ನದಲ್ಲದುದನ್ನು ಒಡ್ಡಿದ ದೋಷವು ದಾಳ ಉರುಳುವ ಮೊದಲೇ ತಗಲಿತು.

ಹಾಗಾದರೆ ಮಕ್ಕಳಿಗೆ ಇಂತಹ ಆಟಗಳು ವರ್ಜ್ಯವೆ? ಹಾಗೆನ್ನುವುದು ಅತಿಯಾಗುವುದು. ಸೋಲನ್ನು ಸಹಿಸುವ ಪಾಠವನ್ನು ಮಕ್ಕಳು ಇಷ್ಟು ಅಗ್ಗವಾಗಿ ಬೇರೆಲ್ಲಿಯೂ ಕಲಿಯಲಾರರು. ಹಿರಿಯರು ಪಕ್ಕದಲ್ಲಿ ಕುಳಿತು, ಹಲಗೆಯನ್ನು ಮಗುಚುವಾಗ ಎರಡು ಮುಖಗಳ ಭೇದವನ್ನು ತಿಳಿಸಿದರೆ ಸಾಕು. ಆಟ ಮುಗಿದ ಮೇಲೆ ಕಾಗದದ ಹಣವೆಲ್ಲ ಪೆಟ್ಟಿಗೆಗೆ ಹಿಂದಿರುಗುವುದು. ಸೋತವನೂ ಗೆದ್ದವನೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತುಕೊಳ್ಳುವರು. ಸಂಸಾರದ ಹಣಕ್ಕೆ ಅಂತಹ ಪೆಟ್ಟಿಗೆಯಿಲ್ಲವೆಂಬುದನ್ನು ಅರಿತವನಿಗೆ ಆಟವು ಆಟವಾಗಿಯೇ ಉಳಿಯುವುದು.