ಇಂದಿನ ಚಿಂತನೆ: "ಸರಿಯಾಗಿದೆ ಸಾರ್"



ನಮ್ಮ ವಿಜಯಪುರದ ಹಿರಿಯರೊಬ್ಬರು ರೇಷ್ಮೆ ನೂಲು ತೆಗೆಯುವ ಕಡೆ ದುಡಿದವರು. ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಕೃತಕ ಕಾಲು ಜೋಡಿಸಿದವರು "ಎಲ್ಲಾದರೂ ಒತ್ತುತ್ತಾ?" ಎಂದು ಕೇಳಿದಾಗ "ಇಲ್ಲ, ಸರಿಯಾಗಿದೆ ಸಾರ್" ಎಂದರು. ಮೂರು ವಾರಕ್ಕೆ ಮೋಟಿನ ತುದಿಯಲ್ಲಿ ಹುಣ್ಣು. ಈಗ ಆ ಕಾಲು ಅಟ್ಟದ ಮೇಲಿದೆ.

"ಯಾಕೆ ದೊಡ್ಡಪ್ಪ ಹೇಳಲಿಲ್ಲ?" ಎಂದು ಕೇಳಿದೆ. "ಅಷ್ಟು ದೊಡ್ಡೋರು ನನ್ನ ಕಾಲು ಮುಟ್ಟಿ ನೋಡಿದ್ರಲ್ಲಪ್ಪ, ಇನ್ನೂ ತೊಂದ್ರೆ ಕೊಡೋದಾ?" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕತ್ತರಿಸಿದ ಕಾಲು ಒಂದೇ ಅಳತೆಯಲ್ಲಿ ಉಳಿಯುವುದಿಲ್ಲ. ಬಾವು ಇಳಿಯುತ್ತದೆ, ಮಾಂಸಖಂಡ ಸೊರಗುತ್ತದೆ. ಸಾಕೆಟ್ ಸಡಿಲವಾದರೆ ಭಾರ ತಪ್ಪಾದ ಜಾಗಕ್ಕೆ, ಎಲುಬಿನ ತುದಿಗೆ ಬೀಳುತ್ತದೆ. ಸಾಮಾನ್ಯವಾಗಿ ಪ್ಲಾಸ್ಟರ್ ಅಚ್ಚು ತೆಗೆದು, ಕೈಯಲ್ಲಿ ಒತ್ತಿ ನೋಡಿ ಸಾಕೆಟ್ ಮಾಡುತ್ತಾರೆ. ಅಲ್ಟ್ರಾಸೌಂಡ್ ಆದರೆ ಒಳಗಿನದನ್ನೂ ತೋರಿಸುತ್ತದೆ: ಚರ್ಮ, ಕೊಬ್ಬು, ಮಾಂಸ ಎಷ್ಟು ದಪ್ಪ, ಎಲುಬು ಎಷ್ಟು ಆಳದಲ್ಲಿದೆ, ಕತ್ತರಿಸಿದ ನರ ಗಂಟು ಕಟ್ಟಿದೆಯೇ, ನೀರು ತುಂಬಿದೆಯೇ. ಅಮೆರಿಕದ ಎಂಐಟಿಯ ಸಂಶೋಧಕರು ಮೋಟುಕಾಲನ್ನು ನೀರಿನ ತೊಟ್ಟಿಯಲ್ಲಿ ಇಳಿಸಿ ಸುತ್ತಲೂ ಸ್ಕ್ಯಾನ್ ಮಾಡಿ ನೋಡಿದ್ದಾರೆ.

ಸತಿಪಟ್ಠಾನ ಸುತ್ತದಲ್ಲಿ ನಾವು ಓದುವುದೂ ಇದೇ ಅಲ್ಲವೇ? ಚರ್ಮ, ಮಾಂಸ, ಸ್ನಾಯು, ಎಲುಬು. ಆ ಪಟ್ಟಿಯಲ್ಲಿ ಜಾತಿ ಎಂಬ ಪದರವಿಲ್ಲ. ಸ್ಕ್ಯಾನಿನ ಪರದೆಯ ಮೇಲೂ ಇಲ್ಲ.

ಹಾಗಾದರೆ ಯಂತ್ರವೇ ಹೇಳಲಿ, ದೊಡ್ಡಪ್ಪ ಬಾಯಿ ಬಿಡುವುದೇ ಬೇಡ ಎಂದು ಮೊದಲು ನನಗೂ ಅನಿಸಿತ್ತು. ಈಗ ಅನಿಸುವುದಿಲ್ಲ. ದಪ್ಪ ಕಾಣುತ್ತದೆ, ನೋವು ಕಾಣುವುದಿಲ್ಲ. ಯಂತ್ರಕ್ಕೆ ಶೀಲವೂ ಇಲ್ಲ. ಹೊಟ್ಟೆಯಲ್ಲಿರುವ ಹೆಣ್ಣು ಮಗುವನ್ನು ಹುಡುಕಿ ಕೊಲ್ಲಲೂ ಇದನ್ನೇ ಬಳಸಿದರು. ಅದನ್ನು ತಡೆಯಲು 1994ರಲ್ಲಿ ಕಾನೂನೇ ಬೇಕಾಯಿತು. ಇನ್ನೊಂದು ಮಾತು. ಈ ಶಬ್ದದ ಅಲೆ ಗಾಳಿಯ ಅಂತರ ದಾಟಿ ಮೈಯೊಳಗೆ ಹೋಗುವುದಿಲ್ಲ. ಜೆಲ್ ಹಚ್ಚಿ ಚರ್ಮಕ್ಕೆ ಒತ್ತಿ ಹಿಡಿಯಲೇಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಬೇಕು. ದೂರ ನಿಂತು ನೋಡುವವರಿಗೆ ಅದು ಏನನ್ನೂ ತೋರಿಸುವುದಿಲ್ಲ.

ದೊಡ್ಡಪ್ಪನ ನೆಂಟರು "ಹಿಂದಿನ ಜನ್ಮದ ಕರ್ಮ" ಎಂದು ಹೇಳಿ ಹೋದರು. ಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳಿದಾಗ ಬುದ್ಧರು ಪಿತ್ತ, ಕಫ, ವಾತ, ಋತು ಬದಲಾವಣೆ, ಸರಿಯಾದ ಆರೈಕೆ ಇಲ್ಲದಿರುವುದು, ಪೆಟ್ಟು ಎಂದು ಕಾರಣಗಳನ್ನು ಎಣಿಸಿದರು. ಎಲ್ಲ ನೋವೂ ಹಿಂದೆ ಮಾಡಿದ್ದರ ಫಲ ಎನ್ನುವುದು ತಪ್ಪು ಎಂದರು. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮವನ್ನು ಒಪ್ಪಲಿಲ್ಲ. ಕರ್ಮ ಎಂದು ನಂಬಿದವನು ಸಾಕೆಟ್ ಸಡಿಲವಾಗಿದೆ ಎಂದು ಯಾರ ಬಳಿ ದೂರುತ್ತಾನೆ? "ಸರಿಯಾಗಿದೆ ಸಾರ್" ಎಂದು ಮನೆಗೆ ಬರುತ್ತಾನೆ.

ಭಾನುವಾರ ವಂದನೆ ಮುಗಿದ ಮೇಲೆ ಆ ಕಾಲನ್ನು ಅಟ್ಟದಿಂದ ಇಳಿಸಿದೆವು. ಹುಣ್ಣು ಮಾಗಿದೆ. ಸಾಕೆಟ್‌ನಲ್ಲಿ ಎರಡು ಬೆರಳು ಆಡುತ್ತವೆ. ಮಂಗಳವಾರ ಅವರನ್ನು ಮತ್ತೆ ತೋರಿಸಲು ಕರೆದೊಯ್ಯುತ್ತೇವೆ. ಎಲ್ಲಿ ನೋಯುತ್ತದೆ ಎಂದು ಅವರೇ ಹೇಳಬೇಕು, ನಾವು ನಡುವೆ ಬಾಯಿ ಹಾಕಬಾರದು ಎಂದು ಮಾತಾಗಿದೆ. ಜೊತೆಗೆ ಇನ್ನೊಬ್ಬರು ಬೇಕು. ಬರುವವರು ಇವತ್ತೇ ತಿಳಿಸಿ.