ಕೃತ, ಕಾರಿತ, ಅನುಮೋದನ: ದೂರದ ಹಸಿವು ಮತ್ತು ಶ್ರಾವಕನ ಹೊಣೆ

ಅಷ್ಟಮಿ ಚತುರ್ದಶಿಗಳಲ್ಲಿ ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧ ಆಹಾರವನ್ನು ತ್ಯಜಿಸಿ ಪ್ರೋಷಧೋಪವಾಸವನ್ನು ಆಚರಿಸುವ ಶ್ರಾವಕ ಶ್ರಾವಿಕೆಯರಿಗೆ ಹಸಿವೆಂದರೇನೆಂಬುದನ್ನು ಗ್ರಂಥಗಳಿಂದ ತಿಳಿಯಬೇಕಾಗಿಲ್ಲ. ದಶಲಕ್ಷಣ ಪರ್ವದ ದಿನಗಳಲ್ಲಿ ದೇಹವೇ ಅದನ್ನು ಬೋಧಿಸುತ್ತದೆ. ಆದರೆ ಉಪವಾಸಿಯ ಹಸಿವಿಗೂ ದರಿದ್ರನ ಹಸಿವಿಗೂ ಒಂದು ಮಹದಂತರವಿದೆ. ಉಪವಾಸಿ ಹಸಿವನ್ನು ತಾನೇ ವರಿಸಿದ್ದಾನೆ. ಅದು ಆತ್ಮನ ಸಮೀಪದಲ್ಲಿ ವಾಸಿಸುವುದಕ್ಕೆ ಅವನು ಆರಿಸಿಕೊಂಡ ದಾರಿ. ದರಿದ್ರನಾದರೋ ಹಸಿವನ್ನು ವರಿಸಿಲ್ಲ. ಅದು ಅವನ ಮೇಲೆ ಹೇರಲ್ಪಟ್ಟಿದೆ. ಉಪವಾಸಿಗೆ ಪಾರಣೆಯ ದಿನ ಗೊತ್ತಿದೆ. ದರಿದ್ರನ ಹಸಿವಿಗೆ ಪಾರಣೆಯ ದಿನವಿಲ್ಲ. ಆದ್ದರಿಂದ ಸ್ವಂತ ಹಸಿವು ತಪಸ್ಸಾಗಬಹುದು. ಪರರ ಹಸಿವನ್ನು ಅವರ ತಪಸ್ಸೆಂದು ಬಗೆದು ಸುಮ್ಮನಿರುವುದು ಧರ್ಮವಾಗಲಾರದು.

ಇದು ಎಲ್ಲರೂ ಒಪ್ಪುವ ಮಾತು. ಮನೆಯ ಬಾಗಿಲಿಗೆ ಬಂದ ಹಸಿದವನಿಗೆ ಅನ್ನವಿಕ್ಕುವುದರಲ್ಲಿ ಯಾರಿಗೂ ಸಂಶಯವಿಲ್ಲ. ಸಂಶಯ ಹುಟ್ಟುವುದು ಹಸಿದವನು ಕಣ್ಣಿಗೆ ಕಾಣದಷ್ಟು ದೂರದಲ್ಲಿರುವಾಗ. ಸಾಗರದಾಚೆಯ ದೇಶದಲ್ಲಿ ಅತಿಸಾರದಿಂದ ಸಾಯುವ ಮಗುವಿನ ವಿಷಯದಲ್ಲಿ ಒಬ್ಬ ಗೃಹಸ್ಥನ ಹೊಣೆ ಏನು? ಆ ಮಗುವನ್ನು ಉಳಿಸುವ ಶಕ್ತಿ ಅವನ ಕೈಯಲ್ಲಿಲ್ಲದೆ ಅವನ ಸರ್ಕಾರದ ಕೈಯಲ್ಲಿದ್ದರೆ, ಸರ್ಕಾರವನ್ನು ಕೇಳುವುದು ಅವನ ಧರ್ಮದೊಳಗೆ ಬರುತ್ತದೆಯೆ?

ಈ ಪ್ರಶ್ನೆಯನ್ನು ಅಮೆರಿಕ ದೇಶದ ಕೆಲವು ಸಾಮಾನ್ಯ ಪ್ರಜೆಗಳು ತಮ್ಮ ರೀತಿಯಲ್ಲಿ ಎದುರಿಸಿದ್ದಾರೆ. ನ್ಯೂಯಾರ್ಕ್ ನಗರದ ಬಡ ಬಡಾವಣೆಯೊಂದರಲ್ಲಿ ಪಾದ್ರಿಯಾಗಿದ್ದ ಆರ್ಥರ್ ಸೈಮನ್ ಎಂಬವರು 1974ರಲ್ಲಿ ‘ಬ್ರೆಡ್ ಫಾರ್ ದ ವರ್ಲ್ಡ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಹಸಿದವರಿಗೆ ರೊಟ್ಟಿ ಹಂಚುವುದು ಅದರ ಕೆಲಸವಾಗಿರಲಿಲ್ಲ. ಹಸಿವನ್ನು ನೀಗುವ ಕಾನೂನುಗಳನ್ನು ಮಾಡಿರೆಂದು ಶಾಸನಕರ್ತರಿಗೆ ಜನರಿಂದ ಪತ್ರ ಬರೆಯಿಸುವುದು ಅದರ ಕೆಲಸ. ಅನೇಕ ಚರ್ಚುಗಳಲ್ಲಿ ಭಕ್ತರು ಬರೆದ ಇಂಥ ಪತ್ರಗಳನ್ನು ಕಾಣಿಕೆಯಂತೆ ಪ್ರಾರ್ಥನೆಯ ವೇಳೆಯಲ್ಲಿ ಅರ್ಪಿಸಿ, ಆಮೇಲೆ ಅಂಚೆಗೆ ಹಾಕುವ ಪದ್ಧತಿಯೂ ಬೆಳೆಯಿತು.

1980ರಲ್ಲಿ ಸ್ಯಾಮ್ ಡೇಲಿ-ಹ್ಯಾರಿಸ್ ಎಂಬ ಸಂಗೀತ ಶಿಕ್ಷಕರು ‘ರಿಸಲ್ಟ್ಸ್’ ಎಂಬ ಇನ್ನೊಂದು ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಮುಂಚೆ ಅವರು ಶಾಲೆಗಳಿಗೆ ಹೋಗಿ ಸುಮಾರು 7,000 ವಿದ್ಯಾರ್ಥಿಗಳೊಡನೆ ಹಸಿವಿನ ವಿಷಯವಾಗಿ ಮಾತನಾಡಿದ್ದರು. ಕಾಂಗ್ರೆಸ್ಸಿನಲ್ಲಿ ತಮ್ಮನ್ನು ಪ್ರತಿನಿಧಿಸುವ ಸದಸ್ಯನ ಹೆಸರನ್ನು ಹೇಳಬಲ್ಲವರು ಅವರಲ್ಲಿ ಸುಮಾರು 200 ಮಂದಿ ಮಾತ್ರ. ಹಸಿವನ್ನು ನೀಗುವ ಉಪಾಯಗಳು ಲೋಕಕ್ಕೆ ತಿಳಿದಿವೆ, ಆದರೆ ಅವುಗಳನ್ನು ನಡೆಸಬಲ್ಲವನ ಹೆಸರೇ ಪ್ರಜೆಗಳಿಗೆ ತಿಳಿದಿಲ್ಲ ಎಂಬುದು ಅವರಿಗೆ ಆಗ ಮನವರಿಕೆಯಾಯಿತು. ಈ ಸಂಸ್ಥೆಯ ಸದಸ್ಯರು ವೇತನವಿಲ್ಲದ ಸ್ವಯಂಸೇವಕರು. ಊರೂರಿನಲ್ಲಿ ಸಣ್ಣ ಗುಂಪುಗಳಾಗಿ ಸೇರಿ, ಒಂದು ವಿಷಯವನ್ನು ಚೆನ್ನಾಗಿ ಅಭ್ಯಾಸ ಮಾಡಿ, ಅದನ್ನು ಕೆಲವೇ ಮಾತುಗಳಲ್ಲಿ ಹೇಳುವುದನ್ನು ರೂಢಿಸಿಕೊಂಡು, ತಮ್ಮ ಪ್ರತಿನಿಧಿಗಳನ್ನು ಕಾಣುತ್ತಾರೆ. ಪತ್ರಿಕೆಗಳ ಸಂಪಾದಕರಿಗೆ ಬರೆಯುತ್ತಾರೆ. ಕೇಳುವುದು ಸ್ಪಷ್ಟವಾದ ಒಂದೇ ಸಂಗತಿ: ಈ ಮಸೂದೆಗೆ ಸಹಿ ಹಾಕಿರಿ, ಈ ಬಾಬಿಗೆ ಇಷ್ಟು ಹಣವನ್ನು ಒದಗಿಸಿರಿ.

ಆ ಹಣ ಏನನ್ನು ಕೊಳ್ಳುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ವೈದ್ಯರಾದ ದಿಲೀಪ್ ಮಹಲನಾಬಿಸ್ ಅವರು ಉಪ್ಪು ಸಕ್ಕರೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯ ನಿರ್ದೇಶಕರಾಗಿದ್ದ ಜೇಮ್ಸ್ ಗ್ರಾಂಟ್ ಅವರು ಈ ಉಪ್ಪು ಸಕ್ಕರೆಯ ನೀರು, ಲಸಿಕೆ, ತಾಯಿಯ ಹಾಲು ಮುಂತಾದ ಸುಲಭ ಸಾಧನಗಳನ್ನು ಲೋಕಕ್ಕೆಲ್ಲ ಒಯ್ಯಲು ದುಡಿದರು. ಮಕ್ಕಳ ಪ್ರಾಣರಕ್ಷಣೆಗಾಗಿ ಅಮೆರಿಕದ ಕಾಂಗ್ರೆಸ್ಸು ಪ್ರತ್ಯೇಕ ನಿಧಿಯನ್ನು ಆ ದಶಕದಲ್ಲೇ ಏರ್ಪಡಿಸಿತು. ಅದನ್ನು ಕೇಳಿದವರಲ್ಲಿ ಈ ಸ್ವಯಂಸೇವಕರೂ ಇದ್ದರು. 1990ರಲ್ಲಿ ಐದು ವರ್ಷ ತುಂಬುವ ಮುನ್ನ ಮಡಿದ ಮಕ್ಕಳ ಸಂಖ್ಯೆ ಲೋಕದಲ್ಲಿ ಸುಮಾರು 1 ಕೋಟಿ 28 ಲಕ್ಷ. 2022ರಲ್ಲಿ ಅದು ಸುಮಾರು 49 ಲಕ್ಷ. ಈ ಇಳಿಕೆಯ ಶ್ರೇಯಸ್ಸು ಮುಖ್ಯವಾಗಿ ಆ ಮಕ್ಕಳ ತಾಯಂದಿರಿಗೆ, ಹಳ್ಳಿಗಳ ಆರೋಗ್ಯ ಕಾರ್ಯಕರ್ತರಿಗೆ ಮತ್ತು ಬಡ ದೇಶಗಳ ಸರ್ಕಾರಗಳಿಗೆ ಸಲ್ಲತಕ್ಕದ್ದು. ಆದರೆ ಹಣವಿಲ್ಲದೆ ಲಸಿಕೆ ತಲುಪದು. ಕೇಳುವವರಿಲ್ಲದೆ ಆ ಹಣ ಬರುವುದು ದುರ್ಲಭ.

ಇನ್ನು ಜೈನ ದೃಷ್ಟಿಯಿಂದ ವಿಚಾರಿಸಬೇಕು. ಮೊದಲು ಒಂದು ಸಂಗತಿಯನ್ನು ನೇರವಾಗಿ ಒಪ್ಪಿಕೊಳ್ಳುವುದು ಒಳ್ಳೆಯದು: ಸರ್ಕಾರದ ನೆರವನ್ನು ಕೇಳುವುದು ದಾನವಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ದಾನವೆಂದರೆ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದು. ತೆರಿಗೆಯ ಹಣ ಕೇಳುವವನ ಸ್ವಂತದ್ದಲ್ಲ. ಅದನ್ನು ಕೊಟ್ಟವರೆಲ್ಲರೂ ಮನಸ್ಸಿನಿಂದ ಕೊಟ್ಟವರೂ ಅಲ್ಲ. ಆದ್ದರಿಂದ ಪತ್ರ ಬರೆದವನು ಆಹಾರದಾನ, ಔಷಧದಾನಗಳ ಪುಣ್ಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಲಾಗದು.

ದಾನವಲ್ಲದಿದ್ದರೆ ಅದು ಮತ್ತೇನು? ಇದಕ್ಕೆ ಉತ್ತರ ಆಸ್ರವದ ವಿಚಾರದಲ್ಲಿದೆ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನಸ್ಸು, ವಚನ, ಕಾಯಗಳೆಂಬ ಯೋಗಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವುಗಳ ಗುಣಾಕಾರದಿಂದ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳನ್ನು ಎಣಿಸುವ ಬೆರಳುಗಳಿಗೆ ಈ ಲೆಕ್ಕ ಪರಿಚಿತ. ಇದರ ತಾತ್ಪರ್ಯ ಸ್ಪಷ್ಟ: ತಾನು ಮಾಡಿದ್ದು ಮಾತ್ರವಲ್ಲ, ಮಾಡಿಸಿದ್ದೂ, ಮಾಡಿದವರನ್ನು ಮನಸಾರೆ ಒಪ್ಪಿದ್ದೂ ಜೀವನನ್ನು ಮುಟ್ಟುತ್ತವೆ. ಪಾಪದಲ್ಲಿ ಹೇಗೋ ಪುಣ್ಯದಲ್ಲಿಯೂ ಹಾಗೆಯೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆದವರು ಉಳಿ ಹಿಡಿದ ಶಿಲ್ಪಿಗಳು. ಆದರೂ ಮೂರ್ತಿಯ ಪಾದದ ಬಳಿಯ ಶಾಸನ, ಚಾವುಂಡರಾಯ ಅದನ್ನು ಮಾಡಿಸಿದನೆಂದು ಸಾರುತ್ತದೆ. ಮಾಡಿಸುವುದು ಹೊಣೆಯುಳ್ಳ ಕ್ರಿಯೆಯೆಂಬುದನ್ನು ಕನ್ನಡ ನಾಡಿನ ಶ್ರಾವಕರು ಸಾವಿರ ವರ್ಷಗಳಿಂದ ಬಲ್ಲರು.

ರಾಜರ ಕಾಲದಲ್ಲಿ ರಾಜ್ಯದ ಕೆಲಸ ರಾಜನ ಕೃತವಾಗಿತ್ತು. ಪ್ರಜೆಗೆ ಅದರಲ್ಲಿ ಭಾಗ ಅತ್ಯಲ್ಪ. ಪ್ರಜಾಪ್ರಭುತ್ವದಲ್ಲಿ ಹಾಗಲ್ಲ. ಪ್ರಜೆ ತನ್ನ ಮತದಿಂದ ಪ್ರತಿನಿಧಿಯನ್ನು ಕಳಿಸುತ್ತಾನೆ, ತೆರಿಗೆಯಿಂದ ಬೊಕ್ಕಸವನ್ನು ತುಂಬುತ್ತಾನೆ. ಆ ಬೊಕ್ಕಸದಿಂದ ಶಸ್ತ್ರ ಬಂದರೂ ಔಷಧ ಬಂದರೂ ಅದರಲ್ಲಿ ಅವನ ಕಾರಿತದ ಒಂದು ಅಂಶ ಇದ್ದೇ ಇದೆ. ಹೀಗಿರುವಾಗ ‘ನನಗೂ ರಾಜ್ಯಕ್ಕೂ ಸಂಬಂಧವಿಲ್ಲ’ ಎಂದು ಗೃಹಸ್ಥನು ಹೇಳುವಂತಿಲ್ಲ. ಸಂಬಂಧ ಆಗಲೇ ಇದೆ. ಅದನ್ನು ಅಪ್ರಮತ್ತನಾಗಿ ನಡೆಸುವನೋ ಪ್ರಮಾದದಲ್ಲಿ ಬಿಡುವನೋ ಎಂಬುದಷ್ಟೆ ಪ್ರಶ್ನೆ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ದಿಗ್ವ್ರತವನ್ನು ಸ್ವೀಕರಿಸಿ ಹತ್ತು ದಿಕ್ಕುಗಳಿಗೂ ಎಲ್ಲೆ ಹಾಕಿಕೊಂಡವನಿಗೆ ಎಲ್ಲೆಯಾಚೆಯ ಚಿಂತೆ ಏಕೆ ಎಂಬುದು ಮೊದಲನೆಯದು. ದಿಗ್ವ್ರತ ಎಲ್ಲೆ ಕಟ್ಟುವುದು ಸಂಚಾರಕ್ಕೆ, ವ್ಯಾಪಾರಕ್ಕೆ, ಲೋಭಕ್ಕೆ, ಅವುಗಳಿಂದಾಗುವ ಹಿಂಸೆಗೆ. ಕಾರುಣ್ಯಕ್ಕೆ ಯಾವ ಆಚಾರ್ಯರೂ ಎಲ್ಲೆಯನ್ನು ವಿಧಿಸಿಲ್ಲ. ಮೈತ್ರೀಭಾವನೆ ಸಮಸ್ತ ಜೀವಿಗಳ ವಿಷಯವಾದದ್ದು. ಕಾರುಣ್ಯಭಾವನೆ ಕ್ಲೇಶಪಡುವ ಎಲ್ಲರ ವಿಷಯವಾದದ್ದು. ಆದರೆ ವ್ರತದ ಎಲ್ಲೆಯಾಚೆಗೆ ಪತ್ರವನ್ನು ಕಳಿಸುವುದು ವ್ರತಿಗೆ ಸಲ್ಲದು. ಅಂಥವನು ತನ್ನ ಊರಿನ ಪ್ರತಿನಿಧಿಯೊಡನೆ ಮಾತನಾಡಬಹುದು. ಅಮೆರಿಕದ ಆ ಸ್ವಯಂಸೇವಕರೂ ಬಹುಮಟ್ಟಿಗೆ ಮಾಡುವುದು ಇದನ್ನೇ.

ಎರಡನೆಯ ಆಕ್ಷೇಪ: ರಾಜಕಥೆ ವಿಕಥೆಗಳಲ್ಲಿ ಒಂದು, ಅದು ಪ್ರಮಾದ. ಈ ಮಾತು ನಿಜ. ಆದರೆ ರಾಜಕಥೆ ಎಂದರೆ ಫಲವಿಲ್ಲದ ಹರಟೆ. ಯಾರು ಗೆದ್ದರು, ಯಾರು ಬಿದ್ದರು ಎಂಬ ರಾಗದ್ವೇಷಗಳ ಮಾತು. ಒಂದು ಮಗುವಿನ ಲಸಿಕೆಗಾಗಿ ಆಡುವ ಹಿತವೂ ಮಿತವೂ ಪ್ರಿಯವೂ ಆದ ಎರಡು ಮಾತು ಆ ಗುಂಪಿಗೆ ಸೇರದು. ಇದನ್ನು ವ್ಯಾಪಾರಿಗಳ ವಶೀಲಿಯೊಡನೆಯೂ ಬೆರೆಸಬಾರದು. ವಶೀಲಿ ಮಾಡುವವನು ತನ್ನ ಲಾಭವನ್ನು ಕೇಳುತ್ತಾನೆ. ಇವರಾದರೋ ಆ ಸಭೆಯಲ್ಲಿ ಮತವಿಲ್ಲದ, ಆ ದೇಶದ ಪ್ರಜೆಯೇ ಅಲ್ಲದ ಮಗುವಿಗಾಗಿ ಕೇಳುತ್ತಾರೆ.

ಮೂರನೆಯದು ಹೆಚ್ಚು ಗಹನವಾದದ್ದು. ಸುಮ್ಮನಿದ್ದವನೂ ಹೊಣೆಗಾರನೆಂದರೆ, ಲೋಕದ ಸಮಸ್ತ ಅನ್ಯಾಯಗಳಿಗೂ ಪ್ರತಿಯೊಬ್ಬನೂ ಅನುಮೋದಕನಾಗಬೇಕಾಗುತ್ತದೆ. ಮೌನಿಯಾದ ಮುನಿಗೂ ದೋಷ ಬರುತ್ತದೆ. ಇದು ಯುಕ್ತವಲ್ಲ. ಅನುಮೋದನವೆಂದರೆ ಬರಿಯ ಮೌನವಲ್ಲ, ಮನಸ್ಸಿನ ಒಪ್ಪಿಗೆ. ಆರಂಭ ಪರಿಗ್ರಹಗಳನ್ನು ಬಿಟ್ಟ ಮುನಿಯ ಮೌನ ಗುಪ್ತಿ. ಆದರೆ ಪರಿಗ್ರಹದಲ್ಲಿದ್ದು, ರಾಜ್ಯದ ರಕ್ಷಣೆಯನ್ನು ಅನುಭವಿಸುತ್ತ, ದುಃಖವನ್ನು ತಿಳಿದೂ, ಒಂದು ಮಾತಿನಿಂದ ಅದನ್ನು ಕಡಿಮೆ ಮಾಡುವ ಅವಕಾಶವಿದ್ದೂ, ಆಲಸ್ಯದಿಂದ ಬಾಯಿ ಮುಚ್ಚಿಕೊಂಡ ಗೃಹಸ್ಥನ ಮೌನ ಗುಪ್ತಿಯಲ್ಲ, ಅದು ಪ್ರಮಾದ. ಎರಡು ಮೌನಗಳೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತವೆ, ಭೇದವಿರುವುದು ಭಾವದಲ್ಲಿ.

ಈ ಕೆಲಸಕ್ಕೆ ನಿಶ್ಚಿತ ಜಯವೂ ಇಲ್ಲ. ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ನೂರರಲ್ಲಿ 0.7 ಭಾಗವನ್ನು ಬಡ ದೇಶಗಳ ನೆರವಿಗೆ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ 1970ರಲ್ಲಿ ಇಟ್ಟಿತು. ಒಂದು ರಾಷ್ಟ್ರ ತೊಡಬಹುದಾದ ವ್ರತವೆಂದು ಇದನ್ನು ಕರೆಯಬಹುದು. ಬ್ರಿಟನ್ 2015ರಲ್ಲಿ ಅದನ್ನು ಕಾನೂನನ್ನಾಗಿಯೇ ಮಾಡಿತು. 2021ರಲ್ಲಿ ಅದನ್ನು 0.5ಕ್ಕೆ ಇಳಿಸಿತು, 2027ರ ವೇಳೆಗೆ 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಸಾರಿತು. ಅಮೆರಿಕದ ವಿದೇಶೀ ನೆರವು ಆ ದೇಶದ ಕೇಂದ್ರ ಬಜೆಟ್ಟಿನಲ್ಲಿ ನೂರಕ್ಕೆ ಒಂದು ಭಾಗದ ಆಸುಪಾಸಿನಲ್ಲಿತ್ತು. 2025ರ ಜನವರಿಯಲ್ಲಿ ಅದನ್ನು ತಡೆಹಿಡಿಯಲಾಯಿತು. 1961ರಲ್ಲಿ ಸ್ಥಾಪನೆಯಾಗಿದ್ದ ಅದರ ನೆರವಿನ ಸಂಸ್ಥೆ 2025ರ ಜುಲೈ 1ರಂದು ತನ್ನ ಕೆಲಸವನ್ನು ನಿಲ್ಲಿಸಿತು. ನೆರವಿನ ಹಣ ಪೋಲಾಗುತ್ತದೆಂದು ಪ್ರಾಮಾಣಿಕವಾಗಿ ನಂಬಿದವರೂ ಇದ್ದಾರೆ; ಅನೇಕಾಂತವನ್ನು ಬಲ್ಲವನು ಅವರ ಮಾತಿನಲ್ಲಿರುವ ಸತ್ಯಾಂಶವನ್ನು ಗ್ರಹಿಸಿ, ಹಣದೊಡನೆ ಅದರ ಲೆಕ್ಕವನ್ನೂ ಕೇಳಬೇಕು. ಕೇಳಿದರೂ ಓಗೊಡದ ಶಾಸನಕರ್ತನ ವಿಷಯದಲ್ಲಿ ದ್ವೇಷವಲ್ಲ, ಮಾಧ್ಯಸ್ಥ್ಯವೇ ವಿಹಿತ. ದಶಕಗಳ ಕೆಲಸ ಕೆಲವೇ ತಿಂಗಳುಗಳಲ್ಲಿ ಕುಸಿದಾಗಲೂ ಆ ಸ್ವಯಂಸೇವಕರು ಮತ್ತೆ ಪತ್ರ ಬರೆಯಲು ಕುಳಿತರು. ಪ್ರತಿಕ್ರಮಣವನ್ನು ಒಮ್ಮೆ ಮಾಡಿ ಮುಗಿಸುವಂತಿಲ್ಲ ಎಂಬುದನ್ನು ಬಲ್ಲ ಜೈನರಿಗೆ ಇದು ವಿಚಿತ್ರವಾಗಿ ಕಾಣಲಾರದು.

ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದ ಜೈನ ಕುಟುಂಬಗಳಿಗೆ ಈ ಪ್ರಶ್ನೆ ನೇರವಾಗಿಯೇ ಅನ್ವಯಿಸುತ್ತದೆ. ಭಾರತದಲ್ಲಿರುವವರಿಗೂ ಅದು ಅನ್ಯವಲ್ಲ. 2001ರಲ್ಲಿ ನಾಗರಿಕರ ಸಂಘಟನೆಯೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಿಂದ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ನ್ಯಾಯಾಲಯದ ಆಜ್ಞೆಯ ಬಲ ಬಂದಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಾಯಿತು. ಇವೂ ಕೇಳಿದವರಿದ್ದುದರಿಂದಲೇ ಆದ ಕೆಲಸಗಳು.

ಕೊನೆಗೆ ಒಂದು ಎಚ್ಚರದ ಮಾತು. ಪರಿಗ್ರಹವನ್ನು ಒಂದಿಷ್ಟೂ ತಗ್ಗಿಸದೆ, ಬೊಕ್ಕಸದ ಹಣವನ್ನು ಮಾತ್ರ ಬಡವರಿಗೆ ಕೊಡಿಸಲು ಹೊರಡುವುದು ಆತ್ಮವಂಚನೆ. ಪರಿಗ್ರಹಪರಿಮಾಣ, ದಾನ, ಉಪವಾಸಗಳ ಸ್ಥಾನದಲ್ಲಿ ಪತ್ರ ನಿಲ್ಲಲಾರದು. ಅವುಗಳ ಜೊತೆಯಲ್ಲಿ ಮಾತ್ರ ಅದಕ್ಕೆ ಬೆಲೆ. ಕೀರ್ತಿಯ ಆಸೆಯಿಂದ ಬರೆದ ಪತ್ರಕ್ಕೆ ಮಾನಕಷಾಯದ ಫಲವೇ ಹೊರತು ಬೇರೆಯಿಲ್ಲ. ಪ್ರೋಷಧದ ದಿನ ಲೌಕಿಕ ವ್ಯವಹಾರಕ್ಕೆ ಎಡೆಯಿಲ್ಲವಾದ್ದರಿಂದ ಅಂದು ಪತ್ರದ ಕೆಲಸವೂ ಬೇಡ. ಆದರೆ ಮರುದಿನ, ಪಾರಣೆಯಾದ ಮೇಲೆ, ಹಸಿವಿನ ನೆನಪು ದೇಹದಿಂದ ಇನ್ನೂ ಮಾಸಿರದ ಹೊತ್ತಿನಲ್ಲಿ, ತನ್ನ ಪ್ರತಿನಿಧಿಯ ಹೆಸರೇನೆಂದು ವಿಚಾರಿಸಿ ತಿಳಿದು ಅವನಿಗೆ ನಾಲ್ಕು ಸಾಲು ಬರೆಯುವುದು ಯಾವ ಶ್ರಾವಕನಿಗೂ ಶ್ರಾವಿಕೆಗೂ ಅಸಾಧ್ಯವಾದ ಕೆಲಸವಲ್ಲ. ಅದು ಮಹಾವ್ರತವಲ್ಲ, ಅಣುವ್ರತವೂ ಅಲ್ಲ. ವ್ರತದಿಂದ ಎಚ್ಚೆತ್ತ ಮನಸ್ಸು ಮಾಡಬಹುದಾದ ಒಂದು ಸಣ್ಣ ಕರ್ತವ್ಯ.