ಇಂದಿನ ಧಮ್ಮ ಚಿಂತನೆ: ನಂಬಿ ಆಡಿದ ಮಾತೂ ಸುಳ್ಳಾಗುತ್ತದೆಯೇ?



ಪಂಚಶೀಲದಲ್ಲಿ ನಾಲ್ಕನೆಯದು ಮುಸಾವಾದದಿಂದ ದೂರವಿರುವುದು. ಸುಳ್ಳು ಹೇಳುವುದಿಲ್ಲ ಎಂದು ಪ್ರತಿ ಭಾನುವಾರ ವಿಹಾರದಲ್ಲಿ ಕೈಮುಗಿದು ಹೇಳುತ್ತೇವೆ. ಆದರೆ ನಿಜವೆಂದು ನಂಬಿಯೇ ಆಡಿದ ಮಾತು ಆಮೇಲೆ ತಪ್ಪೆಂದು ಗೊತ್ತಾದರೆ? ಅದೂ ಶೀಲಭಂಗವೇ? ಅಲ್ಲ ಎಂದು ನಾನು ಅಭ್ಯಾಸ ವರ್ಗದಲ್ಲಿ ಬಹಳ ಸಲ ವಾದ ಮಾಡಿದ್ದೇನೆ. ಸುಳ್ಳಿಗೆ ಮೋಸದ ಉದ್ದೇಶ ಬೇಕು, ಚೇತನಾ ಬೇಕು ಎಂಬುದು ನನ್ನ ವಾದ. ನನ್ನ ಗಾಡಿ ಸೋರಿದ ಮೇಲೆ ಆ ವಾದ ನನಗೇ ಸಾಲದಾಯಿತು.

ನನ್ನದು ಹಳೆಯ ಟೆಂಪೋ ಟ್ರಾವೆಲರ್. ಧಮ್ಮಚಕ್ರ ಪ್ರವರ್ತನ ದಿನಕ್ಕೆ ಕಲಬುರಗಿಯಿಂದ ನಾಗಪುರದ ದೀಕ್ಷಾಭೂಮಿಗೆ ನಮ್ಮವರನ್ನು ಕರೆದೊಯ್ಯುತ್ತೇನೆ. ಹೋದ ಸಲ ದಾರಿಯಲ್ಲಿ ರಾತ್ರಿ ಮಳೆ ಹಿಡಿಯಿತು. ಹಿಂದಿನ ಸೀಟಿನ ಮೇಲೆ ತೊಟತೊಟ ನೀರು. ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ದೀಕ್ಷಾಭೂಮಿಯಲ್ಲಿ ಉಡಲೆಂದು ಇಸ್ತ್ರಿ ಮಾಡಿಸಿ ಚೀಲದಲ್ಲಿಟ್ಟುಕೊಂಡಿದ್ದ ಬಿಳಿ ಸೀರೆಯೂ ತೊಯ್ದುಹೋಯಿತು.

ಗಾಡಿ ನಿಲ್ಲಿಸಿ, ಎಲ್ಲರೆದುರು ನಾನು ಬೈದದ್ದು ಕ್ಲೀನರ್ ಹುಡುಗನನ್ನು. ಲಗೇಜು ಕಟ್ಟಲು ಮೇಲೆ ಹತ್ತಿದ್ದವನು ಅವನೇ. ಧಪಧಪ ತುಳಿದು ತಗಡಿನ ಜೋಡಣೆ ಬಿಡಿಸಿದ್ದೀ ಎಂದೆ. "ಇಲ್ರಿ ಅಣ್ಣಾ, ನಾ ಕ್ಯಾರಿಯರ್ ಮ್ಯಾಲಷ್ಟೇ ಕಾಲಿಟ್ಟೀನ್ರಿ" ಅಂದ. ನಾನು ಕೇಳಲಿಲ್ಲ. ಊರಿಗೆ ಬಂದು ಅವನ ಪಗಾರದಲ್ಲಿ 500 ರೂಪಾಯಿ ಹಿಡಿದೆ.

ಆಮೇಲೆ ಸೋರುವ ಜಾಗ ಹುಡುಕಲು ಕೂತೆ. ಎರಡು ಭಾನುವಾರ ಹಿಡಿಯಿತು. ನೀರು ಒಳಗೆ ಬಂದಲ್ಲೇ ಕೆಳಗೆ ಬೀಳುವುದಿಲ್ಲ. ಹೊರಗಿನ ತಗಡಿಗೂ ಒಳಗಿನ ಹೊದಿಕೆಗೂ ನಡುವೆ ಸಂದು ಇರುತ್ತದೆ, ಅದರೊಳಗೆ ಹರಿದು ಎಲ್ಲೋ ಹೊರಬರುತ್ತದೆ. ಗಾಡಿ ಏರಿಗೆ ಮುಖ ಮಾಡಿ ನಿಂತಾಗ ಹಿಂದಿನ ಸೀಟಿಗೆ ಬಿದ್ದ ನೀರು, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಡ್ರೈವರ್ ತಲೆಯ ಮೇಲೆ ಬರುತ್ತಿತ್ತು. ನಾನು ಮೊದಲು ಮಾಡಿದ ಕೆಲಸ, ಒಳಗೆ ಕಲೆ ಕಂಡಲ್ಲಿ ಸಿಲಿಕಾನ್ ಬಳಿದದ್ದು. ದುಡ್ಡು ದಂಡ. ಎಸಿಯ ನೀರಿರಬಹುದೇ ಎಂದು ಒಣ ಬಿಸಿಲಲ್ಲಿ ಎರಡು ತಾಸು ಎಸಿ ಓಡಿಸಿದೆ. ಒಂದು ಹನಿ ಬೀಳಲಿಲ್ಲ.

ಕೊನೆಗೆ ಬಾಡಿ ಕಟ್ಟುವ ಮಿಸ್ತ್ರಿಯೊಬ್ಬರು ದಾರಿ ಹೇಳಿದರು. ಪೈಪಿನ ನೀರನ್ನು ಮೆಲ್ಲಗೆ ಬಿಡಬೇಕು, ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಕಿಟಕಿಯ ರಬ್ಬರು, ಆಮೇಲೆ ಅಂಚಿನ ಜೋಡಣೆ, ಕೊನೆಗೆ ಟಾಪು. ಒಂದೊಂದು ಕಡೆ ಹತ್ತು ನಿಮಿಷ ಕಾಯಬೇಕು. ಮೇಲಿನಿಂದಲೇ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವ ತೂತಿನದು ತಪ್ಪು ಎಂದು ತಿಳಿಯುವುದೇ ಇಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಕೂತವನು ಅದೇ ಹುಡುಗ.

"ಬಂತ್ರಿ!" ಎಂದು ಅವನು ಕೂಗಿದಾಗ ನನ್ನ ಪೈಪು ಟಾಪಿನ ಮುಂಭಾಗದ ಒಂದು ಬೋಲ್ಟ್ ತೂತಿನ ಮೇಲಿತ್ತು. ಆ ತೂತು ಕೊರೆದವನು ನಾನೇ. ಏಪ್ರಿಲ್ 14ರ ಮೆರವಣಿಗೆಗೆ ಬಾಬಾಸಾಹೇಬರ ಫೋಟೋ ನಿಲ್ಲಿಸಲು ಕಬ್ಬಿಣದ ಚೌಕಟ್ಟು ಕೂರಿಸಿದ್ದೆ. ಬಿಚ್ಚಿದ ಮೇಲೆ ತೂತುಗಳಿಗೆ ಎಂ-ಸೀಲ್ ಮೆತ್ತಿದ್ದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಗಡು ಹಿಗ್ಗಿ ಕುಗ್ಗಿ ಅದು ಬಿರುಕು ಬಿಟ್ಟಿತ್ತು. ಮಳೆಗಾಲವೆಲ್ಲ ಗಾಡಿ ಎಂಜಿನ್ ಕೆಲಸಕ್ಕೆಂದು ಶೆಡ್ಡಿನಲ್ಲಿ ನಿಂತಿದ್ದರಿಂದ ಗೊತ್ತಾಗಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಆ ರಾತ್ರಿ ನಾನು ಸುಳ್ಳು ಹೇಳಿದೆನೇ? ಹುಡುಗನದೇ ತಪ್ಪು ಎಂದು ಮನಸಾರೆ ನಂಬಿದ್ದೆ. 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಒಬ್ಬ ಹಡಗಿನ ಮಾಲೀಕನ ಉದಾಹರಣೆ ಕೊಟ್ಟರು. ಹಡಗು ಹಳೆಯದೆಂಬ ಅನುಮಾನವನ್ನು ಅದುಮಿ, ಎಲ್ಲ ಸರಿಯಿದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು ಆತ ಜನರನ್ನು ಸಮುದ್ರಕ್ಕೆ ಕಳಿಸುತ್ತಾನೆ. ಹಡಗು ಮುಳುಗದೆ ದಡ ಸೇರಿದರೂ ಅವನು ತಪ್ಪಿತಸ್ಥನೇ, ಪರೀಕ್ಷಿಸದೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾರೆ ಕ್ಲಿಫರ್ಡ್. ಹಾಗಾದರೆ ಹುಡುಗ ನಿಜವಾಗಿ ತಗಡು ತುಳಿದಿದ್ದರೂ ನನ್ನ ಮಾತು ತಪ್ಪೇ ಆಗುತ್ತಿತ್ತು.

ಕೇಸಪುತ್ತದಲ್ಲಿ ಕಾಲಾಮರಿಗೆ ಭಗವಾನರು ಹೇಳಿದ್ದನ್ನು ನಾವು ಪುರೋಹಿತರ ವಿರುದ್ಧ, ಶಾಸ್ತ್ರಗಳ ವಿರುದ್ಧ ಬಳಸುತ್ತೇವೆ. ಬಳಸಲೇಬೇಕು. ಆದರೆ ಅಲ್ಲಿ ಇನ್ನೊಂದು ಮಾತೂ ಇದೆ: ನಿನ್ನೊಳಗೆ ಮೊದಲೇ ಇರುವ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಂದನ್ನು ಒಪ್ಪಬೇಡ. ನನ್ನೊಳಗೆ ಮೊದಲೇ ಏನಿತ್ತು? ಬರೆಯಲು ಕೈ ತಡೆಯುತ್ತದೆ. ಆ ಹುಡುಗ ನಮ್ಮ ಕೇರಿಯವನಲ್ಲ, ನಮ್ಮದಕ್ಕೂ ಆಚೆಯ ಕೇರಿಯವನು. ಗಾಡಿ ಓಡಿಸಿದ್ದು ನಾನು, ಟಾಪಿಗೆ ಕೈ ಹಚ್ಚಿದವರು ಇನ್ನೂ ಮೂವರಿದ್ದರು. ನನ್ನ ಬಾಯಿಗೆ ಬಂದದ್ದು ಅವನೊಬ್ಬನ ಹೆಸರು. ಪ್ರತಿ ಜಾತಿಗೂ ತನಗಿಂತ ಕೆಳಗೊಂದು ಜಾತಿ ಸಿಕ್ಕಿಬಿಡುವ ಈ ಏರ್ಪಾಟನ್ನು ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದರು. 1956ರ ಅಕ್ಟೋಬರ್ 14ರಂದು ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಇದೆ, ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ. ಅವೆರಡು ಬೇರೆ ಬೇರೆ ಎಂದು ನಾನು ತಿಳಿದಿದ್ದೆ.

500 ರೂಪಾಯಿ ವಾಪಸ್ ಕೊಟ್ಟೆ. ಎಲ್ಲರೆದುರು ಬೈದದ್ದರಿಂದ ವಿಹಾರದಲ್ಲಿ ಅವರೆಲ್ಲರೆದುರೇ ತಪ್ಪೊಪ್ಪಿಕೊಂಡೆ. ಅಂದು ಹುಡುಗ ಬಂದಿರಲಿಲ್ಲ. ಮರುದಿನ ಗಾಡಿ ತೊಳೆಯುವಾಗ ಅವನಿಗೇ ಹೇಳಿದೆ, ಹೇಳುತ್ತ, "ಅವತ್ತೇ ಗಟ್ಟಿಯಾಗಿ ಹೇಳಬೇಕಿತ್ತಲ್ಲೋ ತಮ್ಮಾ" ಎಂದುಬಿಟ್ಟೆ.

ಅವನು ಪೈಪು ಸುತ್ತುತ್ತಿದ್ದ. "ಕ್ಯಾರಿಯರ್ ಮ್ಯಾಲಷ್ಟೇ ಕಾಲಿಟ್ಟೀನಂತ ಹೇಳಿದ್ನಲ್ರಿ ಅಣ್ಣಾ" ಅಂದ.

ಜೈ ಭೀಮ್.